ಎಷ್ಟು ಚಮಚ?

ಅತ್ಬರಾದ ರೈಲು ಕಾರ್ಖಾನೆಯ ಗೇಟಿನೆದುರು
ಬೇವಿನ ನೆರಳಲ್ಲಿ ಅಕ್ಕ ಸಿತ್ತನಾಳ ಇದ್ದಿಲೊಲೆ.
ನಾನು ಲೋಟ ತೊಳೆಯುವವಳು.
ಬಂದವರನ್ನು ಅವಳು ಹೆಸರಿಂದಲ್ಲ, ಚಮಚದಿಂದ ಗುರುತಿಡುತ್ತಾಳೆ:
ಫಿಟ್ಟರ್ ಹಸ್ಸಬೋ ನಾಲ್ಕು,
ಸಿಗ್ನಲ್ಲಿನ ಮುದುಕ ಮೂರು, ಮೇಲೊಂದು ಚಿಟಿಕೆ ಶುಂಠಿ,
ಹೊಸದಾಗಿ ಮದುವೆಯಾದ ಗುಮಾಸ್ತ
ಎರಡೆಂದು ಹೇಳಿ ಐದಕ್ಕೆ ಕಾಯುತ್ತಾನೆ.

ಆಸ್ಪತ್ರೆಯಲ್ಲಿ ಮೊದಲ ಬಾರಿ
ಇನ್ನೊಬ್ಬರು ಅವಳ ಕೈಗೆ ಲೋಟ ಕೊಟ್ಟರು.
ಬರೀ ನೀರು, ಬರೀ ಸಕ್ಕರೆ. ಎಲೆಯಿಲ್ಲ, ಬಿಸಿಯಿಲ್ಲ.
"ಐದು ನಿಮಿಷದಲ್ಲಿ ಕುಡಿ, ಎರಡು ತಾಸು ಕೂತಿರು."
ಅಕ್ಕ ಮೂಸಿ ನೋಡಿ ನಕ್ಕಳು:
"ಇಂಥದ್ದನ್ನು ನಾನು ಮಾರಿದ್ದರೆ
ಹಸ್ಸಬೋ ನನ್ನ ಒಲೆಗೇ ನೀರು ಹೊಯ್ಯುತ್ತಿದ್ದ."
ಎರಡು ತಾಸಾದ ಮೇಲೆ ನಗಲಿಲ್ಲ.

ಹೋದ ಸಲದ ಮಾತು ನಮ್ಮನೆಯಲ್ಲಿ ಯಾರೂ ಎತ್ತುವುದಿಲ್ಲ.
ನಾನೇ ಎತ್ತುತ್ತೇನೆ, ಇಲ್ಲಿ, ಒಮ್ಮೆ.
ನಾಲ್ಕೂವರೆ ಕಿಲೋ ಇತ್ತು.
ತೊಡೆಯಲ್ಲಿ ಮಡಿಕೆ ಮಡಿಕೆ, ಕೆನ್ನೆ ಕುತ್ತಿಗೆಗೆ ಇಳಿದಿತ್ತು.
ನೋಡಬಂದವರು ಅಳುತ್ತಲೇ ಅಂದರು:
"ಎಷ್ಟು ಚೆನ್ನಾಗಿ ತುಂಬಿಕೊಂಡಿತ್ತು!"
ತುಂಬಿಕೊಂಡಿತ್ತು; ಉಸಿರೊಂದು ತುಂಬಲಿಲ್ಲ.
ಆ ಒಂಬತ್ತು ತಿಂಗಳ ಬಾಯಾರಿಕೆಯನ್ನು
ನಾವು ಊರ ಬಿಸಿಲಿನ ಲೆಕ್ಕಕ್ಕೆ ಬರೆದಿದ್ದೆವು,
ರಾತ್ರಿ ಐದು ಸಲ ಎದ್ದದ್ದನ್ನು ಬಸುರಿನ ಲೆಕ್ಕಕ್ಕೆ.
ಯಾರೂ ಒಂದು ಹನಿ ರಕ್ತ ಕೇಳಿರಲಿಲ್ಲ.

ಈಗ ಕೇಳುತ್ತಾರೆ. ದಿನಕ್ಕೆ ನಾಲ್ಕು ಹನಿ.
ಇದ್ದಿಲು ಮುಟ್ಟಿ ಮುಟ್ಟಿ ದಡ್ಡುಗಟ್ಟಿದ ಬೆರಳು
ಸುಲಭಕ್ಕೆ ಬಿಟ್ಟುಕೊಡುವುದಿಲ್ಲ;
ಕಿರುಬೆರಳಿನ ಪಕ್ಕ ಮೆತ್ತಗಿನ ಜಾಗ ಹುಡುಕಿ ಚುಚ್ಚುತ್ತೇನೆ.
ಅವಳಿಗೆ ಓದು ಬಾರದು, ಅಂಕಿ ನಾನು ಓದುತ್ತೇನೆ.
ಗೆರೆಯೊಳಗಿದ್ದರೆ ಜೋರಾಗಿ,
ದಾಟಿದರೆ ಮೆಲ್ಲಗೆ.
ಒಂದು ದಿನ ಸುಳ್ಳು ಓದಿದೆ.
ಅವಳು ನನ್ನ ದನಿಯಲ್ಲೇ ನಿಜದ ಅಂಕಿ ಕೇಳಿಸಿಕೊಂಡಳು.

ಫ್ರಿಜ್ಜಿಲ್ಲ; ಇದ್ದವರ ಮನೆಯಲ್ಲಿ ಕರೆಂಟಿಲ್ಲ.
ಇನ್ಸುಲಿನ್ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ
ನೀರಿನ ಮಣ್ಣು ಗುಡಾಣದ ಬುಡಕ್ಕಿಟ್ಟಿದ್ದೇವೆ.
ಗುಡಾಣ ಬೆವರುತ್ತದೆ, ಸೀಸೆ ತಣ್ಣಗಿರುತ್ತದೆ.
"ಬಸುರಿಗೆ ಖರ್ಜೂರ ಬೇಡವೆನ್ನುವ ಡಾಕ್ಟರು
ಯಾವ ತಾಯಿ ಹೆತ್ತವನೋ" ಎಂದು ಗೊಣಗುತ್ತ
ಅತ್ತೆ ಎಣಿಸಿ ಒಂದೇ ಒಂದು ಕೊಡುತ್ತಾಳೆ;
ಅದರ ಬೀಜವನ್ನು ಅಕ್ಕ ಮಧ್ಯಾಹ್ನದವರೆಗೂ ಚೀಪುತ್ತಾಳೆ.

ಮೂವತ್ತೆಂಟನೆಯ ವಾರ ಹೆತ್ತಳು.
ಹೆಣ್ಣು. ಮೂರು ಕಿಲೋ ಇನ್ನೂರು.
ಕೂಗು ಶಂಟಿಂಗ್ ಎಂಜಿನ್ನಿನದು.
ತಾಸೊಂದು ಕಳೆದಿರಬಹುದು, ಪುಟ್ಟ ಕೈ ನಡುಗತೊಡಗಿತು.
ಸೂಲಗಿತ್ತಿ ಕುಲ್ಸೂಮ್ ಹಿಮ್ಮಡಿ ಚುಚ್ಚಿ ನೋಡಿ
"ಸಕ್ಕರೆ ಇಳಿದಿದೆ" ಅಂದಳು.
ಇಳಿದಿದೆ! ಇಷ್ಟು ದಿನ ಏರಿದೆ ಏರಿದೆ ಎಂದವರು!
ತಾಯಿಯ ಸಿಹಿಗೆ ಒಗ್ಗಿದ ಮೈಯಂತೆ ಅದು;
ಹೊಕ್ಕುಳ ಬಳ್ಳಿ ಕೊಯ್ದ ಮೇಲೂ
ಬಾರದ ನೆಂಟನಿಗೆ ಒಲೆ ಉರಿಸುತ್ತಲೇ ಇದೆಯಂತೆ.

"ಚಮಚ ಇದೆಯಾ?"
ಅಂಗಡಿಯಿಂದ ಓಡಿಬಂದವಳ ಸೆರಗಿನ ಗಂಟಿನಲ್ಲಿ ಇತ್ತು.
ಕುದಿನೀರಲ್ಲಿ ಅದ್ದಿ ಕೊಟ್ಟೆ.
ಅಕ್ಕ ಎದೆ ಒತ್ತಿ ಒತ್ತಿ ಹಿಂಡಿದಳು,
ಹಳದಿ ಹಾಲು ಚಮಚದ ತಳವನ್ನೂ ಮುಚ್ಚಲಿಲ್ಲ.
ಮಗು ಚಪ್ಪರಿಸಿತು.
ಮತ್ತೆ ಅರ್ಧ ಚಮಚ. ಮತ್ತೆ.
ಬೆಳಗಾಗುವಷ್ಟರಲ್ಲಿ ಇನ್ನೂ ಮೂರು ಸಲ ಚುಚ್ಚಿದರು.
ಮೂರನೆಯದನ್ನು ನಾನು ಜೋರಾಗಿ ಓದಿದೆ.

ನಲವತ್ತು ದಿನ ಕಳೆದು ಅಕ್ಕ ಮತ್ತೆ ಒಲೆಯ ಮುಂದೆ.
ಮುಂದಿನ ವಾರ ಆ ಸಿಹಿನೀರನ್ನು ಇನ್ನೊಮ್ಮೆ ಕುಡಿಯಬೇಕು,
ಕಾಯಿಲೆ ಹೋಯಿತೋ ಅವಿತು ಕೂತಿದೆಯೋ ನೋಡಲು;
ಚೀಟಿ ನನ್ನ ಬಳಿ ಇದೆ.
ಹಸ್ಸಬೋ ಬಂದ, ಬುಟ್ಟಿಯೊಳಗೆ ಬಗ್ಗಿ ನೋಡಿ
"ಇಷ್ಟು ಸಣ್ಣಗಿದೆಯಲ್ಲ" ಅಂದ.
ಅಕ್ಕ ಮಾತಾಡದೆ ಅವನ ಲೋಟಕ್ಕೆ ಸಕ್ಕರೆ ಹಾಕಿದಳು:
ಒಂದು, ಎರಡು, ಮೂರು.
ಅವನು ಕಾದ.
ಅವಳು ಚಮಚ ಕೆಳಗಿಟ್ಟಳು.